ಗುಂಜಿಯ ನೆರಳು, ಮದರಾಸಿನ ಗಡಿಯಾರ

ಖಾನಾಪುರ ತಾಲ್ಲೂಕಿನ ಗುಂಜಿ, ಲೋಂಡಾ–ಬೆಳಗಾವಿ ರೈಲುಮಾರ್ಗದ ಒಂದು ಸಣ್ಣ ನಿಲ್ದಾಣ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಮಾರ್ಗ ಹಾಕಿದಾಗ ಹಳಿಗಳ ಜೊತೆಗೇ ಈ ಕಾಡುಸೀಮೆಗೆ ನಿಮಿಷದ ಲೆಕ್ಕವೂ ಬಂತು.

ಅದಕ್ಕೆ ಮುಂಚೆ ಇಲ್ಲಿ ವೇಳೆಯ ಎಣಿಕೆ ಇರಲಿಲ್ಲವೆಂದಲ್ಲ. ದಿನಕ್ಕೆ 60 ಗಳಿಗೆ; ಒಂದು ಗಳಿಗೆಯೆಂದರೆ ಈಗಿನ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗುವುದನ್ನು ನೋಡಿ ಗಳಿಗೆ ಎಣಿಸುತ್ತಿದ್ದರು. ಉತ್ತರ ಕರ್ನಾಟಕದವರು ಇಂದಿಗೂ ಗಂಟೆಗೆ ‘ತಾಸು’ ಎನ್ನುತ್ತಾರಲ್ಲ, ಮರಾಠಿಯಲ್ಲೂ ಇರುವ ಆ ಪದದ ಮೂಲ ಅರಬ್ಬಿ–ಪಾರಸಿಯ ‘ತಾಸ್’, ಅಂದರೆ ಬಟ್ಟಲು. ಬಟ್ಟಲು ಬಳಕೆ ತಪ್ಪಿದರೂ ಹೆಸರು ಉಳಿದಿದೆ.

ಗಳಿಗೆಯ ಎಣಿಕೆ ಸೂರ್ಯೋದಯದಿಂದ. ಆದ್ದರಿಂದ ಊರೂರಿಗೂ ಅದರದೇ ವೇಳೆ. ರೈಲಿಗೆ ಇದು ಒಗ್ಗುವಂಥದ್ದಲ್ಲ. ಆಗ ರೈಲುಗಳು ಓಡುತ್ತಿದ್ದುದು ಮದರಾಸಿನ ಸಮಯಕ್ಕೆ. ಮದರಾಸಿನಲ್ಲಿ ನೆತ್ತಿಗೇರಿದ ಸೂರ್ಯ ಗುಂಜಿಯ ನೆತ್ತಿಗೆ ಬರಲು ಇನ್ನೂ ಸುಮಾರು 23 ನಿಮಿಷ ಬೇಕು. ನೆರಳು ನೋಡಿ ‘ಇನ್ನೂ ಹೊತ್ತಿದೆ’ ಎಂದು ಹೊರಟವನಿಗೆ ಗಾಡಿ ಸಿಗುತ್ತಿರಲಿಲ್ಲ. ಸಾಲದ್ದಕ್ಕೆ ಬೆಳಗಾವಿ ಸೇರಿದ್ದು ಮುಂಬಯಿ ಪ್ರಾಂತಕ್ಕೆ. ಮುಂಬಯಿಯ ಸಮಯ ಮದರಾಸಿಗಿಂತ ಅರ್ಧ ತಾಸು ಹಿಂದೆ. 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಸಮಯ ಗೊತ್ತಾಯಿತು. ಆದರೆ ಮುಂಬಯಿ ನಗರ ತನ್ನ ಹಳೆಯ ಸಮಯವನ್ನು ಅನಂತರವೂ ದಶಕಗಳ ಕಾಲ ಬಿಟ್ಟುಕೊಡಲಿಲ್ಲ! ಇಂದು ಗುಂಜಿಯಲ್ಲಿ ನಿಜವಾದ ನಡುಹಗಲು ಸರಾಸರಿ 12 ಗಂಟೆ 32 ನಿಮಿಷಕ್ಕೆ.

ಗಡಿಯಾರ ಬಂದರೂ ಅದನ್ನು ಓದಲು ಕಲಿಯಬೇಕಷ್ಟೆ. ಐದರ ಮಗ್ಗಿ ಬಂದರೆ ದೊಡ್ಡ ಮುಳ್ಳು ಸುಲಭ. ಕಾಡುವುದು ಸಣ್ಣ ಮುಳ್ಳು. ಒಂಬತ್ತೂ ಮುಕ್ಕಾಲಿಗೆ ಅದು ಹತ್ತರ ಹತ್ತಿರವೇ ಇರುತ್ತದೆ, ಮಗು ಹತ್ತೂ ಮುಕ್ಕಾಲು ಎನ್ನುತ್ತದೆ. ಕನ್ನಡ, ಮರಾಠಿ ಎರಡೂ ಬೆರೆತ ಖಾನಾಪುರದ ಕಡೆ ತೊಡಕು ಇನ್ನೂ ಒಂದು ಪಟ್ಟು ಹೆಚ್ಚು. ಕನ್ನಡದ ‘ಒಂಬತ್ತೂ ಮುಕ್ಕಾಲು’ ಕಳೆದ ಗಂಟೆಯನ್ನು ಹಿಡಿದು ಹೇಳುತ್ತದೆ. ಅದೇ ಹೊತ್ತು ಮರಾಠಿಯಲ್ಲಿ ‘ಪಾವಣೆ ದಹಾ’, ಎಂದರೆ ಕಾಲು ಕಡಿಮೆ ಹತ್ತು. ಅದು ಬರಲಿರುವ ಗಂಟೆಯ ಲೆಕ್ಕ. ಆದರೆ ಸಣ್ಣ ಮುಳ್ಳು ಇರುವ ಜಾಗಕ್ಕೆ ಹೆಚ್ಚು ಹೊಂದುವುದು ಈ ಎರಡನೆಯ ಕ್ರಮವೇ.

1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಆರಂಭವಾದ ಮೇಲೆ ಮುಳ್ಳುಗಳು ನಿಲ್ದಾಣದ ಗೋಡೆಯಿಂದ ಮದುವೆಯ ಗಂಡುಗಳ ಮಣಿಕಟ್ಟಿಗೂ ಬಂದವು.