ನಾಲ್ಕು ನುಡಿಯ ಊರಿನಲ್ಲಿ ಮಗುವಿನ ಮಿದುಳು

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲು ಹತ್ತಿದರೆ ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೋಗಿಯಲ್ಲಿ ಕಿವಿಗೆ ಬೀಳುತ್ತವೆ. ಎಷ್ಟೋ ಸಲ ಒಬ್ಬರ ಬಾಯಲ್ಲೇ ಎರಡು ಮೂರು ನುಡಿ. ಇದು ಚಿನ್ನ ತಂದ ಬಳುವಳಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟು, ಸೇಲಂ ಮುಂತಾದ ಕಡೆಗಳಿಂದ ಕೂಲಿಕಾರರು ಬಂದು ನೆಲೆಸಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ನಿಂತಿತು, ನುಡಿಗಳು ಉಳಿದವು.

ಇಂಥ ಊರಿನಲ್ಲಿ ಮಗುವಿಗೆ ಮಾತು ತಡವಾದರೆ, ಅಥವಾ ಆಟಿಸಂ ಇದೆಯೆಂದು ವೈದ್ಯರು ಹೇಳಿದರೆ, ತಾಯ್ತಂದೆಯರನ್ನು ಒಂದು ಪ್ರಶ್ನೆ ಕಾಡುತ್ತದೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದರೆ ಮಗು ಗೊಂದಲಕ್ಕೆ ಬೀಳುವುದಿಲ್ಲವೇ? ಮನೆಮಾತನ್ನು ಬಿಡಬೇಕೇ?

ಈ ಭಯಕ್ಕೆ ನೂರು ವರ್ಷದ ಇತಿಹಾಸವಿದೆ. ಎರಡು ನುಡಿ ಆಡುವ ಹಳ್ಳಿ ಮಕ್ಕಳು ಬುದ್ಧಿ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆಂದು ವೇಲ್ಸ್‌ನ ಡಿ.ಜೆ. ಸೇರ್ 1923ರಲ್ಲಿ ಬರೆದರು. ಆ ಕಾಲದ ಇಂಥ ಅಧ್ಯಯನಗಳು ಮನೆಯ ಬಡತನವನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 1962ರಲ್ಲಿ ಮಾಂಟ್ರಿಯಲ್‌ನ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಒಂದೇ ಅಂತಸ್ತಿನ ಹತ್ತು ವರ್ಷದ ಮಕ್ಕಳನ್ನು ಹೋಲಿಸಿದಾಗ ಫಲಿತಾಂಶ ತಿರುಗುಮುರುಗಾಯಿತು. ದ್ವಿಭಾಷಿಕ ಮಕ್ಕಳೇ ಮುಂದಿದ್ದರು. ಆಲೋಚನೆಯನ್ನು ಸುಲಭವಾಗಿ ಹೊರಳಿಸಬಲ್ಲ ಗುಣ ಇದಕ್ಕೆ ಕಾರಣವಿರಬಹುದೆಂದು ಅವರು ಊಹಿಸಿದರು.

ಈ ಗುಣವನ್ನು ಅಳೆಯುವ ವಿಧಾನ ಸರಳ. ಚೀಟಿಗಳನ್ನು ಮೊದಲು ಬಣ್ಣದ ಪ್ರಕಾರ ವಿಂಗಡಿಸಲು ಮಗುವಿಗೆ ಹೇಳುತ್ತಾರೆ. ನಡುವೆ ನಿಯಮ ಬದಲಾಯಿಸಿ, ಆಕಾರದ ಪ್ರಕಾರ ವಿಂಗಡಿಸಲು ಹೇಳುತ್ತಾರೆ. ಹಳೆಯ ನಿಯಮವನ್ನು ಬಿಟ್ಟು ಹೊಸದನ್ನು ಹಿಡಿಯಲು ಮಿದುಳಿನ ಮುಂಭಾಗ ಇತರ ಭಾಗಗಳೊಡನೆ ತಾಳ ಕೂಡಿಸಬೇಕು. ಆ ಸಂದೇಶಗಳನ್ನು ಒಯ್ಯುವುದು ಉದ್ದನೆಯ ನರತಂತುಗಳ ಕಟ್ಟುಗಳು. ಇವು ಬಾಲ್ಯದುದ್ದಕ್ಕೂ ಮಾಗುತ್ತಾ ಹೋಗುತ್ತವೆ.

ಆಟಿಸಂ ಇರುವ ಅನೇಕ ಮಕ್ಕಳಿಗೆ ಈ ಹೊರಳುವಿಕೆ ಕಷ್ಟ. 1943ರಲ್ಲಿ ಲಿಯೋ ಕ್ಯಾನರ್ ಈ ಸ್ಥಿತಿಯನ್ನು ಮೊದಲು ವಿವರಿಸಿದಾಗಲೇ, ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಮಕ್ಕಳ ಹಟವನ್ನು ಗುರುತಿಸಿದ್ದರು. ಮಿದುಳಿನ ದೂರದ ಭಾಗಗಳ ನಡುವಿನ ಹೊಂದಾಣಿಕೆ ಸಡಿಲವಾಗಿರುವುದೇ ಕಾರಣವಿರಬಹುದೆಂಬ ವಾದ 2004ರಲ್ಲಿ ಬಂತು. ಮುಂದಿನ ಅಧ್ಯಯನಗಳು ಕೆಲವೆಡೆ ಸಂಪರ್ಕ ಕಡಿಮೆ, ಕೆಲವೆಡೆ ಹೆಚ್ಚು ಎಂದು ತೋರಿಸಿ ಚಿತ್ರವನ್ನು ಇನ್ನಷ್ಟು ಜಟಿಲಗೊಳಿಸಿವೆ.

ಹಾಗಾದರೆ ಎರಡನೆಯ ನುಡಿ ಇಂಥ ಮಗುವಿಗೆ ಹೊರೆಯೇ? ಮಾಂಟ್ರಿಯಲ್‌ನಲ್ಲೇ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಟಿಸಂ ಇರುವ ದ್ವಿಭಾಷಿಕ ಮಕ್ಕಳು ಚೀಟಿ ವಿಂಗಡಣೆಯಲ್ಲಿ ಏಕಭಾಷಿಕರಿಗಿಂತ ಮೇಲಿದ್ದರು. ಮಕ್ಕಳ ಸಂಖ್ಯೆ ಚಿಕ್ಕದು. ಅಮೆರಿಕದಲ್ಲಿ 2019ರಲ್ಲಿ ಸುಮಾರು 4,500 ಸಾಮಾನ್ಯ ಮಕ್ಕಳನ್ನು ಪರಿಶೀಲಿಸಿದಾಗ ಇಂಥ ವಿಶೇಷ ಲಾಭ ಕಾಣಲಿಲ್ಲ. ಆದ್ದರಿಂದ ಎರಡು ನುಡಿ ಔಷಧಿ ಎನ್ನುವುದು ಅವಸರವಾದೀತು. ಆದರೆ ಅದು ಆಟಿಸಂ ಇರುವ ಮಗುವಿನ ಮಾತನ್ನು ಕೆಡಿಸುತ್ತದೆ ಎನ್ನಲು ಈವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ.

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಆಟಿಸಂಗೆ ಕಾನೂನಿನ ಮನ್ನಣೆ ದೊರೆತದ್ದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕೆಯ ನಿರ್ದಿಷ್ಟ ತೊಡಕುಗಳನ್ನೂ ಪಟ್ಟಿಗೆ ಸೇರಿಸಿತು. ಇವೆಲ್ಲ ಮನೆಯ ಹೊರಗಿನ ನೆರವು.

ಮನೆಯೊಳಗಿನ ನೆರವು ಬೇರೆ. ಅಜ್ಜಿಗೆ ತಮಿಳಲ್ಲದೆ ಬೇರೆ ಬಾರದು ಎಂದುಕೊಳ್ಳೋಣ. ಮಗುವಿಗೆ ಆ ನುಡಿಯನ್ನೇ ತಪ್ಪಿಸಿದರೆ ಅದು ಕಳೆದುಕೊಳ್ಳುವುದು ಬರಿಯ ಪದಗಳನ್ನಲ್ಲ, ದಿನವಿಡೀ ತನ್ನೊಡನೆ ಮಾತಾಡುವ ಒಂದು ಜೀವವನ್ನು. ಮಾತು ಕಲಿಯಬೇಕಾದ ಮಗುವಿಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.