ಕಾಳುಮೆಣಸಿನ ಘಮ ಹಿಡಿಯೋ ಪದರ

16ನೇ ಶತಮಾನದಲ್ಲಿ ಶರಾವತಿ ದಡದ ಗೇರುಸೊಪ್ಪ ಆಳಿದ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಅಂತಿದ್ರು. ಹೊಗಳಿಕೆಗಿಂತ ವ್ಯಾಪಾರದ ಲೆಕ್ಕಾಚಾರವೇ ಜಾಸ್ತಿ ಅನ್ಸುತ್ತೆ ನಂಗೆ! ಮೆಣಸಿನ ಘಮ ಅಂದ್ರೆ ಪೈನೀನ್, ಲಿಮೊನೀನ್‌ನಂಥ ಸಾವಯವ ಆವಿಗಳು. ಆಗ ಅದನ್ನ ಗುರುತಿಸೋಕೆ ಇದ್ದಿದ್ದು ಮೂಗು ಮಾತ್ರ.

ಆವಿ ಹಿಡಿಯೋ ತೆಳು ಪದರದ ಕಥೆ ಶುರುವಾಗಿದ್ದು ಜರ್ಮನಿಯ ಒಂದು ಅಡುಗೆಮನೆಯಲ್ಲಿ. ವಿಶ್ವವಿದ್ಯಾಲಯದಲ್ಲಿ ಓದದ ಆಗ್ನೆಸ್ ಪೊಕೆಲ್ಸ್, ನೀರಿನ ಮೇಲೆ ಹರಡೋ ಜಿಡ್ಡಿನ ಪದರವನ್ನ ಅಳೆದರು. 1891ರಲ್ಲಿ ‘ನೇಚರ್’ ಪತ್ರಿಕೆ ಅದನ್ನ ಪ್ರಕಟಿಸ್ತು. 1930ರ ದಶಕದಲ್ಲಿ ಅಮೆರಿಕದ ಕ್ಯಾಥರೀನ್ ಬ್ಲಾಡ್ಜೆಟ್ ಒಂದೇ ಅಣು ದಪ್ಪದ ಪದರಗಳನ್ನ ಗಾಜಿನ ಮೇಲೆ ಒಂದರ ಮೇಲೊಂದು ಕೂರಿಸಿದರು. ಈಗ ಇಂಥ ಪದರವನ್ನ ಕಂಪಿಸೋ ಸ್ಫಟಿಕದ ಮೇಲೆ ಕೂರಿಸ್ತಾರೆ. ಆವಿ ಒಳಹೊಕ್ಕರೆ ತೂಕ ಏರಿ, ಕಂಪನ ನಿಧಾನವಾಗುತ್ತೆ. ಆದ್ರೆ ಮೆಣಸಿನ ಘಮ ಒಂದೇ ಆವಿಯಲ್ಲವಲ್ಲ, ಅದಕ್ಕೆ ಬೇರೆಬೇರೆ ಪದರಗಳನ್ನ ಒಟ್ಟಿಗೆ ಇಡಬೇಕಾಗುತ್ತೆ.