ಪ್ರಜಾರಾಜ್ಯಗಳ ನಡುವಣ ಶಾಂತಿ: ಉತ್ತರ ಕನ್ನಡದ ಗಡಿಗಳಿಂದ ಒಂದು ವಿಚಾರ

ಪ್ರಜಾಪ್ರಭುತ್ವವುಳ್ಳ ರಾಷ್ಟ್ರಗಳು ತಮ್ಮತಮ್ಮೊಳಗೆ ಯುದ್ಧ ಹೂಡುವುದು ಅಪೂರ್ವವೆಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಕಾರಣದ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಯುದ್ಧದ ಹೊರೆಯನ್ನು ಹೊರುವ ಪ್ರಜೆಯೇ ಅದಕ್ಕೆ ಸಮ್ಮತಿ ಕೊಡಬೇಕಾದಾಗ ಅವನು ಹಿಂಜರಿಯುವನೆಂದು ಜರ್ಮನಿಯ ತತ್ತ್ವಜ್ಞ ಕಾಂಟನು 1795ರಲ್ಲಿ ವಾದಿಸಿದನು. ಈ ವಾದವನ್ನು ಉತ್ತರ ಕನ್ನಡ ಜಿಲ್ಲೆಯ ಗಡಿಗಳಲ್ಲಿ ಒರೆಹಚ್ಚಿ ನೋಡಬಹುದು.

ಬೇಡ್ತಿ ನದಿಯು ಮಾಗೋಡಿನಲ್ಲಿ ಧುಮುಕುವ ಈ ಘಟ್ಟದ ನಾಡಿನಲ್ಲಿ ಹಿಂದೆ ಸೋದೆಯ ಅರಸರ ಆಳ್ವಿಕೆಯಿದ್ದಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಬಳಿಕ ಸೋದೆಯನ್ನೂ ಆಕ್ರಮಿಸಲು, ಅದರ ಅರಸನು ಗೋವೆಯ ಪೋರ್ತುಗೀಸರನ್ನು ಆಶ್ರಯಿಸಬೇಕಾಯಿತು. ಅದೇ ನಾಡು 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದುದು ಸಂಸತ್ತಿನ ಶಾಸನದಿಂದ. ನೆರೆಯ ಹಳಿಯಾಳ, ಸೂಪ, ಕಾರವಾರಗಳಲ್ಲಿ ಮಹಾರಾಷ್ಟ್ರವು ಹಕ್ಕು ಕೇಳಿತು. 1967ರ ಮಹಾಜನ ಆಯೋಗದ ವರದಿಯನ್ನು ಅದು ಒಪ್ಪಲಿಲ್ಲ; 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ನಡುವೆ 1969ರಲ್ಲಿ ಮುಂಬಯಿಯಲ್ಲಿಯೂ 1986ರಲ್ಲಿ ಬೆಳಗಾವಿಯಲ್ಲಿಯೂ ಗಲಭೆಗಳಲ್ಲಿ ಪ್ರಾಣಹಾನಿಯಾಯಿತೆಂಬುದನ್ನು ಮರೆಯಲಾಗದು. ಆದರೆ ಇವು ಒಂದೇ ಒಕ್ಕೂಟದ, ಸ್ವಂತ ಸೇನೆಯಿಲ್ಲದ ರಾಜ್ಯಗಳು. ಇಷ್ಟರಿಂದಲೇ ಸಿದ್ಧಾಂತವನ್ನು ಸ್ಥಾಪಿಸಹೊರಡುವುದು ಆತುರವಾದೀತು.

ಹೆಚ್ಚು ಬೋಧಪ್ರದವಾದುದು ಗೋವೆಯ ಗಡಿ. ಸ್ವತಂತ್ರ ಭಾರತವು ಎರಡು ಯುರೋಪಿಯನ್ ರಾಷ್ಟ್ರಗಳಿಂದ ನೆಲವನ್ನು ಮರಳಿ ಕೇಳಬೇಕಾಗಿತ್ತು. ಫ್ರಾನ್ಸಿನಲ್ಲಿ ಚುನಾಯಿತ ಸರ್ಕಾರವಿದ್ದಿತು. 1954ರ ಅಕ್ಟೋಬರಿನಲ್ಲಿ ಕೀಳೂರಿನಲ್ಲಿ ಸೇರಿದ 178 ಪ್ರತಿನಿಧಿಗಳಲ್ಲಿ 170 ಮಂದಿ ಭಾರತದ ಪರವಾಗಿ ಮತವಿತ್ತರು. ನವೆಂಬರ್ 1ರಂದು ಪುದುಚೇರಿಯ ಆಡಳಿತವು ಹಸ್ತಾಂತರವಾಯಿತು. ಪೋರ್ತುಗಲ್ಲಿನ ಸರ್ವಾಧಿಕಾರಿ ಸಲಜಾರನು ಮಾತುಕತೆಗೇ ಒಪ್ಪಲಿಲ್ಲ. 1961ರ ಡಿಸೆಂಬರ್ 18ರಂದು ಭಾರತದ ಸೇನೆ ಗೋವೆಯನ್ನು ಹೊಕ್ಕಿತು. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ನಮ್ಮ ನಾವಿಕರು ಮಡಿದರು. ಕೊನೆಯವರೆಗೂ ಕಾದಾಡಬೇಕೆಂಬ ಅಪ್ಪಣೆಯನ್ನು ಮೀರಿ ಮರುದಿನ ಶರಣಾದ ಗವರ್ನರನನ್ನು ಲಿಸ್ಬನ್ನಿನ ಸರ್ಕಾರವು ಸೇನೆಯಿಂದಲೇ ಹೊರಹಾಕಿತು.

ಇಲ್ಲಿ ಕಾಂಟನ ವಾದಕ್ಕೆ ಒಂದು ತಿದ್ದುಪಡಿ ಅವಶ್ಯ. ಭಾರತದ ಪ್ರಜೆಗಳು 1961ರಲ್ಲಿ ಯುದ್ಧಕ್ಕೆ ಹಿಂಜರಿಯಲಿಲ್ಲ, ಹರ್ಷಿಸಿದರು. ಮುಂದಿನ ಫೆಬ್ರವರಿಯಲ್ಲಿ ಮಹಾಚುನಾವಣೆಯೂ ಇದ್ದಿತು. ಫ್ರಾನ್ಸಾದರೋ ಪುದುಚೇರಿಯನ್ನು ಬಿಟ್ಟ ತಿಂಗಳಿನಲ್ಲಿಯೇ ಆಲ್ಜೀರಿಯದಲ್ಲಿ ಕಾಳಗಕ್ಕೆ ತೊಡಗಿತು. ಪ್ರಜೆಯ ಸೌಮ್ಯತೆಯೇ ಶಾಂತಿಗೆ ಕಾರಣವೆನ್ನಲು ಇವೆರಡೂ ಅಡ್ಡಬರುತ್ತವೆ. ಎದುರುಪಕ್ಷದಲ್ಲಿ ಸರ್ಕಾರವನ್ನು ಪ್ರಶ್ನಿಸಬಲ್ಲ, ಬದಲಾಯಿಸಬಲ್ಲ ಸಭೆಯೊಂದಿದ್ದರೆ ಕಾಯುವುದರಲ್ಲಿ ಅರ್ಥವಿರುತ್ತದೆ: ಇಂದು ಒಪ್ಪದವರು ನಾಳೆ ಒಪ್ಪಿಯಾರು. ಸಲಜಾರನ ಆಡಳಿತದಲ್ಲಿ ಆ ನಾಳೆಗೆ ಎಡೆಯಿರಲಿಲ್ಲ. ಯುದ್ಧವನ್ನು ತಡೆಯುವುದು ಈ ನಿರೀಕ್ಷೆಯೇ ಎಂದು ನನಗೆ ತೋರುತ್ತದೆ. 1999ರ ಕಾರ್ಗಿಲ್ ಕದನವು ಈ ಮಾತಿಗೆ ವಿರುದ್ಧವಲ್ಲ. ಆಗ ಪಾಕಿಸ್ತಾನದಲ್ಲಿ ಚುನಾಯಿತ ಸರ್ಕಾರವಿದ್ದರೂ ಸೇನೆಯು ಅದರ ಹತೋಟಿಯಲ್ಲಿರಲಿಲ್ಲ.

ಪೋರ್ತುಗಲ್ಲಿನಲ್ಲಿ ಸರ್ವಾಧಿಕಾರವು ಉರುಳಿದುದು 1974ರ ಏಪ್ರಿಲಿನಲ್ಲಿ. ಗೋವೆಯ ಮೇಲೆ ಭಾರತದ ಸಾರ್ವಭೌಮತ್ವವನ್ನು ಒಪ್ಪಿಕೊಂಡ ಒಡಂಬಡಿಕೆಗೆ ಅದೇ ವರ್ಷದ ಡಿಸೆಂಬರ್ 31ರಂದು ಸಹಿಯಾಯಿತು.